ರೀಕನ್ಸಿಡರ್ ಅಂದ್ರೆ ‘ಬೇಡ’ ಅಂತಲಾ?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಒಂದೇ ಪದದ ಹಿಂದೆ ಬಿದ್ದಿವೆ: ರೀಕನ್ಸಿಡರ್. ಒಬ್ಬರು ಮದುವೆ ಮಾತುಕತೆಯಲ್ಲಿ ಕೇಳಿದ್ದಾರೆ. ಒಬ್ಬರು ಕೆಲಸದ ಮೇಲ್‌ನಲ್ಲಿ ಬರೆದಿದ್ದಾರೆ. ಇನ್ನೊಬ್ಬರು ಸಂಘದ ಸಭೆಯಲ್ಲಿ ಅದರ ಮೇಲೇ ಜಗಳ ಆಡಿ ಬಂದಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿದವಳಲ್ಲ. ದಾವಣಗೆರೆಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವಳು. ಬೆಳಿಗ್ಗೆ, ಸಂಜೆ ಹುಡುಗರಿಗೆ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕಲಿಸುವುದು. ಮಧ್ಯಾಹ್ನ ಜಾಬ್ ಟೈಪಿಂಗ್. ಊರಿನವರ ಅರ್ಜಿ, ಮನವಿ, ಅಫಿಡವಿಟ್ಟು ಎಲ್ಲ ನನ್ನ ರೆಮಿಂಗ್ಟನ್ ಮೇಲೆ ಹಾದು ಹೋಗಿವೆ. ನನಗೆ ಬರುವ ಇಂಗ್ಲಿಷ್ ಅಲ್ಲಿಂದ ಬಂದದ್ದು.

ಪ್ರಶ್ನೆ: ಅಕ್ಕಾ, ನಮ್ಮ ಮಗಳಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗನ ಸಂಬಂಧ ಬಂದಿತ್ತು. ಬಂದು ನೋಡಿಕೊಂಡು ಹೋದರು, ಒಪ್ಪಿಗೆ ಅಂತಲೂ ಹೇಳಿದರು. ಈಗ ಹುಡುಗನ ಅಣ್ಣ ವಾಟ್ಸ್ಆ್ಯಪ್‌ನಲ್ಲಿ ‘ವಿ ಆರ್ ರೀಕನ್ಸಿಡರಿಂಗ್’ ಅಂತ ಹಾಕಿದ್ದಾರೆ. ಅದು ಬೇಡ ಅಂದ ಹಾಗೇ ಅಂತಾರೆ ನಮ್ಮನೆಯವರು. ಇಲ್ಲಮ್ಮ, ಇನ್ನೂ ಯೋಚನೆ ಮಾಡ್ತಿದಾರೆ ಅಷ್ಟೆ ಅಂತಾಳೆ ಮಗಳು. ಯಾರ ಮಾತು ಸರಿ?
— ಹೆಸರು ಬೇಡ, ಜಗಳೂರು

ಉತ್ತರ: ಡಿಕ್ಷನರಿ ತೆಗೆದರೆ ನಿಮ್ಮ ಮಗಳ ಮಾತು ಸರಿ. ಆದರೆ ನಿಮ್ಮ ಯಜಮಾನರಿಗೆ ಅನುಮಾನ ಸುಮ್ನೆ ಬಂದಿಲ್ಲ.

ಕನ್ಸಿಡರ್ ಅಂದರೆ ಯೋಚಿಸಿ ನೋಡುವುದು. ತೀರ್ಮಾನ ಇನ್ನೂ ಆಗಿಲ್ಲ ಅನ್ನುವಾಗ ಬರುವ ಪದ ಅದು. ‘ವಿ ಆರ್ ಕನ್ಸಿಡರಿಂಗ್’ ಎಂದು ಹಾಕಿದ್ದರೆ ‘ನೋಡ್ತಾ ಇದೀವಿ’ ಎಂದಷ್ಟೇ ಅರ್ಥವಾಗುತ್ತಿತ್ತು. ಮುಂದೆ ‘ರೀ’ ಬಂದು ಕೂತರೆ ಕಥೆ ಬೇರೆ. ಒಂದು ತೀರ್ಮಾನ ಆಗಿತ್ತು, ಅದನ್ನೇ ಈಗ ಮತ್ತೆ ಎತ್ತಿಕೊಂಡಿದ್ದೇವೆ ಎಂದು ಹೇಳಿದಂತೆ. ನಿಮ್ಮ ವಿಷಯದಲ್ಲಿ ಮೊದಲ ತೀರ್ಮಾನ ‘ಒಪ್ಪಿಗೆ’. ಆ ಒಪ್ಪಿಗೆ ಗಟ್ಟಿಯಾಗಿದ್ದರೆ ಮತ್ತೆ ಯೋಚಿಸುವ ಪ್ರಮೇಯವೇ ಬರುತ್ತಿರಲಿಲ್ಲ ಅಲ್ವಾ? ಅವರ ಮನೆಯಲ್ಲಿ ಏನೋ ಒಂದು ಅಡ್ಡ ಬಂದಿದೆ. ಈ ಪದ ಅಷ್ಟನ್ನು ಬಿಟ್ಟುಕೊಡುತ್ತದೆ. ‘ಬೇಡ’ ಅನ್ನುವುದು ಮಾತ್ರ ಅದರಲ್ಲಿಲ್ಲ.

ಇನ್ನು ಪದದ ಬಾಲ ನೋಡಿ. ‘ರೀಕನ್ಸಿಡರಿಂಗ್’ ಅಂದರೆ ಯೋಚನೆ ನಡೆಯುತ್ತಿದೆ. ‘ವಿ ಹ್ಯಾವ್ ರೀಕನ್ಸಿಡರ್ಡ್’ ಅಂದಿದ್ದರೆ ಯೋಚನೆ ಮುಗಿದಿದೆ. ಇಂಗ್ಲಿಷ್ ಮಾತಾಡುವವರು ‘ಐ ಹ್ಯಾವ್ ರೀಕನ್ಸಿಡರ್ಡ್’ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರೆ, ಮನಸ್ಸು ಬದಲಾಗಿದೆ ಎಂದೇ ಕೇಳುವವರು ಸಾಮಾನ್ಯವಾಗಿ ತಿಳಿಯುತ್ತಾರೆ. ನಿಮಗೆ ಬಂದಿರುವುದು ‘ಇಂಗ್’.

ನಮ್ಮ ಕಡೆ ಸಂಬಂಧ ಬಿಡುವಾಗ ಯಾರೂ ಬಾಯಿಬಿಟ್ಟು ಬೇಡ ಅನ್ನುವುದಿಲ್ಲ. ‘ಜಾತಕ ಕೂಡಿ ಬರಲಿಲ್ರಿ’ ಅಂತಾರೆ. ಇಲ್ಲಾ ‘ಮನೇಲಿ ಹಿರಿಯರನ್ನ ಒಂದ್ಮಾತು ಕೇಳಿ ಹೇಳ್ತೀವಿ’ ಅಂತಾರೆ. ಜಾತಕ ಅಂದರೆ ಮುಗೀತು, ಮೇಲೆ ಮಾತಿಲ್ಲ. ಹಿರಿಯರು ಅಂದರೆ ಇನ್ನೂ ಒಂದಿಷ್ಟು ಜೀವ ಇದೆ. ಹುಡುಗನ ಅಣ್ಣನ ಇಂಗ್ಲಿಷು ಈ ಎರಡನೆಯ ಸಾಲಿಗೆ ಸೇರಿದ್ದು. ಇಂಗ್ಲಿಷಿನಲ್ಲೇ ಹಾಕಿದ್ದಕ್ಕೂ ಕಾರಣ ಇರಬಹುದು. ಕನ್ನಡದಲ್ಲಿ ಹೇಳಿದ್ದರೆ ‘ಯಾಕ್ರಿ, ಏನಾಯ್ತು?’ ಎಂದು ನೀವು ಆಗಲೇ ಕೇಳಿಬಿಡುತ್ತಿದ್ದಿರಿ. ಈಗ ನೋಡಿ, ಅವರನ್ನು ಕೇಳುವುದು ಬಿಟ್ಟು ನನ್ನನ್ನು ಕೇಳುತ್ತಿದ್ದೀರಿ.

ನಿಮ್ಮ ಯಜಮಾನರು ಹುಡುಗನ ತಂದೆಗೇ ಫೋನ್ ಮಾಡಲಿ. ಅಣ್ಣನಿಗೆ ಬೇಡ. ‘ಒಪ್ಪಿಗೆ ಅಂದಿದ್ರಿ, ಈಗ ಮತ್ತೆ ಯೋಚನೆ ಮಾಡ್ತಿದೀವಿ ಅಂತೀರಿ, ಯಾವ ವಿಷಯಕ್ಕೆ?’ ಎಂದು ಇಷ್ಟೇ ಕೇಳಲಿ. ಅವರ ಉತ್ತರವೇನಾದರೂ ಕೊಡುವ ತೆಗೆದುಕೊಳ್ಳುವ ಲೆಕ್ಕದ ಕಡೆ ತಿರುಗಿತೋ, ರೀಕನ್ಸಿಡರ್ ಮಾಡುವ ಸರದಿ ನಿಮ್ಮದು.

ಪ್ರಶ್ನೆ: ಮೇಡಂ, ಒಂದು ಕಂಪನಿ ನನ್ನ ಅರ್ಜಿ ತಿರಸ್ಕರಿಸಿತು. ನಾನು ‘ಐ ರಿಕ್ವೆಸ್ಟ್ ಯು ಟು ಕೈಂಡ್ಲಿ ರೀಕನ್ಸಿಡರ್ ಅಬೌಟ್ ಮೈ ಅಪ್ಲಿಕೇಶನ್ ಒನ್ಸ್ ಅಗೇನ್’ ಎಂದು ಮೇಲ್ ಕಳಿಸಿದೆ. ರೂಮ್‌ಮೇಟ್ ಓದಿ ನಕ್ಕ. ಎಲ್ಲಿ ತಪ್ಪು ಎಂದು ಕೇಳಿದರೆ ಅವನಿಗೂ ಹೇಳಲು ಬರಲಿಲ್ಲ.
— ಬಿ.ಇ. ಕೊನೆಯ ವರ್ಷ, ದಾವಣಗೆರೆ

ಉತ್ತರ: ತಪ್ಪು ಹೇಳಲು ಬಾರದವನಿಗೆ ನಗಲು ಮಾತ್ರ ಬಂತಲ್ಲ!

ಮೊದಲು ‘ಅಬೌಟ್’ ತೆಗೆಯಿರಿ. ಅದು ಬಂದದ್ದು ನಮ್ಮ ‘ಬಗ್ಗೆ’ಯಿಂದ. ಅರ್ಜಿಯ ಬಗ್ಗೆ ಯೋಚಿಸಿ ಎಂದು ಮನಸ್ಸು ಕನ್ನಡದಲ್ಲಿ ಹೇಳಿತು, ಕೈ ಹಾಗೇ ಟೈಪ್ ಮಾಡಿತು. ಥಿಂಕ್ ಎಂಬ ಕ್ರಿಯಾಪದಕ್ಕೆ ಅಬೌಟ್ ಬೇಕು. ಕನ್ಸಿಡರ್, ರೀಕನ್ಸಿಡರ್ ಎರಡಕ್ಕೂ ಬೇಡ. ‘ರೀಕನ್ಸಿಡರ್ ಮೈ ಅಪ್ಲಿಕೇಶನ್’, ‘ರೀಕನ್ಸಿಡರ್ ಯುವರ್ ಡಿಸಿಷನ್’ ಎಂದು ನೇರವಾಗಿ ಬರೆಯಬೇಕು. ಡಿಸ್ಕಸ್ ಅನ್ನುವುದಕ್ಕೂ ಇದೇ ರೋಗ ಅಂಟಿದೆ. ‘ಡಿಸ್ಕಸ್ ಅಬೌಟ್’ ಎಂದು ದೊಡ್ಡ ದೊಡ್ಡ ಆಫೀಸಿನವರೂ ಬರೆಯುತ್ತಾರೆ.

ಎರಡನೆಯದು ‘ಒನ್ಸ್ ಅಗೇನ್’. ‘ಮತ್ತೆ’ ಅನ್ನುವುದು ‘ರೀ’ಯಲ್ಲೇ ಇದೆ. ರಿಟರ್ನ್ ಬ್ಯಾಕ್, ರಿಪೀಟ್ ಅಗೇನ್ ಎಲ್ಲ ಒಂದೇ ಮನೆಯವು. ಆದರೆ ಒಂದು ಸಲ ಮರುಯೋಚನೆ ಮಾಡಿಸಿ, ಅದೂ ಆಗದೆ ಎರಡನೆಯ ಸಲ ಕೇಳುತ್ತಿದ್ದರೆ ‘ರೀಕನ್ಸಿಡರ್ ಅಗೇನ್’ ಸರಿಯೇ. ‘ಕೈಂಡ್ಲಿ’ ತಪ್ಪಲ್ಲ. ಆದರೆ ರಿಕ್ವೆಸ್ಟ್ ಎಂದ ಮೇಲೆ ಅದೂ ಬೇಕಾ? ನನಗೆ ಹಿಡಿಸುವುದಿಲ್ಲ.

ಇದರ ಜತೆಗೆ ಇನ್ನೊಂದು ತಿಳಿದಿರಲಿ. ರೀಕನ್ಸಿಡರ್ ಆದ ಮೇಲೆ ಮತ್ತೊಂದು ಕ್ರಿಯಾಪದ ಬಂದರೆ ಅದಕ್ಕೆ ‘ಇಂಗ್’ ಹತ್ತುತ್ತದೆ. ‘ಶಿ ರೀಕನ್ಸಿಡರ್ಡ್ ಗೋಯಿಂಗ್ ಟು ಮೈಸೂರು’. ‘ರೀಕನ್ಸಿಡರ್ಡ್ ಟು ಗೋ’ ಅಲ್ಲ.

ಇಷ್ಟೆಲ್ಲ ತಿದ್ದಿದರೂ ನಿಮ್ಮ ಮೇಲ್ ಕೆಲಸ ಮಾಡುವುದಿಲ್ಲ. ಅದಕ್ಕೆ ಕಾರಣ ವ್ಯಾಕರಣ ಅಲ್ಲ. ಒಂದು ಸಂಗತಿ ಹೇಳುತ್ತೇನೆ.

ಮಂಡಿಪೇಟೆ ಕಡೆಯ ಅಂಗಡಿಯವರೊಬ್ಬರು ಒಮ್ಮೆ ಟೈಪ್ ಮಾಡಿಸಲು ಬಂದರು. ಟ್ರೇಡ್ ಲೈಸೆನ್ಸ್ ಅರ್ಜಿ ತಿರಸ್ಕಾರ ಆಗಿತ್ತು. ಕಚೇರಿಯಿಂದ ಹಿಂಬರಹ ಕೊಟ್ಟಿದ್ದರು. ಇವರು ಬಾಲ್‌ಪೆನ್ನಿನಲ್ಲಿ ಹಾಳೆಯ ಎರಡೂ ಮಗ್ಗುಲು ಒತ್ತೊತ್ತಾಗಿ ಬರೆದುಕೊಂಡು ಬಂದಿದ್ದರು. ವ್ಯಾಪಾರ ನಿಂತಿದೆ, ಸಾಲ ಇದೆ, ಮಕ್ಕಳ ಫೀಸು ಕಟ್ಟಬೇಕು, ದಯವಿಟ್ಟು ರೀಕನ್ಸಿಡರ್ ಮಾಡಿ. ಪ್ಯಾರಾಕ್ಕೊಂದು ರೀಕನ್ಸಿಡರ್. ‘ಯಾಕೆ ತಿರಸ್ಕಾರ ಮಾಡಿದ್ರು?’ ಅಂತ ಕೇಳಿದೆ. ‘ಖಾತೆ ಅಪ್ಪನ ಹೆಸರಿನಲ್ಲಿತ್ತು ಮೇಡಂ, ಅಪ್ಪ ಇಲ್ಲ.’ ‘ಈಗ?’ ‘ಈಗ ನನ್ನ ಹೆಸರಿಗೆ ಆಗಿದೆ.’ ‘ಕಾಗದ ಎಲ್ಲಿ?’ ಅಂದರೆ, ಅಂಗಿಯ ಜೇಬಿನಿಂದ ತೆಗೆದರು. ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡಿದ್ದ ಖಾತಾ ನಕಲು, ಬೆವರಿಗೆ ಮೆತ್ತಗಾಗಿ ಮಡಿಕೆಯಲ್ಲಿ ಹರಿಯುವ ಹಾಗಾಗಿತ್ತು. ಎರಡು ಮಗ್ಗುಲಿನ ಬರಹದಲ್ಲಿ ಅದರ ಸುದ್ದಿಯೇ ಇಲ್ಲ!

ನಾನು ಟೈಪ್ ಮಾಡಿದ್ದು ನಾಲ್ಕೇ ಸಾಲು. ಮೇಲೆ ಹಿಂಬರಹದ ಸಂಖ್ಯೆ, ತಾರೀಖು. ಖಾತೆ ತೀರಿಹೋದ ತಂದೆಯ ಹೆಸರಿನಲ್ಲಿದ್ದ ಕಾರಣಕ್ಕೆ ಅರ್ಜಿ ತಿರಸ್ಕಾರವಾಗಿತ್ತು. ಈಗ ಖಾತೆ ನನ್ನ ಹೆಸರಿಗೆ ವರ್ಗವಾಗಿದೆ. ನಕಲು ಲಗತ್ತಿಸಿದೆ. ಕೊನೆಗೆ ‘ಐ ರಿಕ್ವೆಸ್ಟ್ ಯು ಟು ರೀಕನ್ಸಿಡರ್ ದ ಡಿಸಿಷನ್’. ಕಾರ್ಬನ್ ಪ್ರತಿಯ ಮೇಲೆ ಟಪಾಲಿನವರ ಸೀಲು ಹಾಕಿಸಿಕೊಳ್ಳಿ ಎಂದು ಹೇಳಿ ಕಳಿಸಿದೆ.

ರೀಕನ್ಸಿಡರ್ ಅಂದರೆ ‘ಕನಿಕರಿಸಿ’ ಅಂತಲ್ಲ. ತೀರ್ಮಾನ ಮಾಡಿದವರು ಅದೇ ಕಾಗದ ನೋಡಿದರೆ ಅದೇ ತೀರ್ಮಾನ ಮಾಡುತ್ತಾರೆ. ಅವತ್ತು ಅವರ ಮೇಜಿನ ಮೇಲೆ ಇಲ್ಲದ್ದು ಇವತ್ತು ಏನಿದೆ ಎಂದು ನೀವು ತೋರಿಸಬೇಕು. ಕಂಪನಿಯವರು ನಿಮ್ಮನ್ನು ಯಾಕೆ ಬಿಟ್ಟರು? ಅಂಕ ಕಡಿಮೆಯೇ, ಬ್ಯಾಕ್‌ಲಾಗ್ ಇತ್ತೇ? ಅದು ಕ್ಲಿಯರ್ ಆಗಿದ್ದರೆ ಮಾರ್ಕ್ಸ್ ಕಾರ್ಡ್ ಲಗತ್ತಿಸಿ. ಹೊಸದಾಗಿ ಏನೂ ಇಲ್ಲದಿದ್ದರೆ ಈ ಪದಕ್ಕೆ ಕೈ ಹಾಕಬೇಡಿ. ಮುಂದೆ ಅವಕಾಶ ಬಂದಾಗ ತಿಳಿಸಿ ಎಂದು ಒಂದು ಸಾಲು ಬರೆದರೆ ಸಾಕು. ಮರ್ಯಾದೆಯೂ ಉಳಿಯುತ್ತದೆ.

ಪ್ರಶ್ನೆ: ಪಿಯುಸಿಯಲ್ಲಿ ಮಗನಿಗೆ ಅಂಕ ಕಡಿಮೆ ಬಂದಿದೆ. ‘ಪ್ಲೀಸ್ ರೀಕನ್ಸಿಡರ್ ಹಿಸ್ ಮಾರ್ಕ್ಸ್’ ಎಂದು ಬರೆಯಬಹುದೇ?
— ಪೋಷಕರು, ಹೊನ್ನಾಳಿ

ಉತ್ತರ: ಬೇಡ. ಕೂಡಿದ್ದು ಸರಿಯಿದೆಯೇ ನೋಡಿ ಎನ್ನುವುದಕ್ಕೆ ರೀಟೋಟಲಿಂಗ್. ಉತ್ತರ ಪತ್ರಿಕೆಯನ್ನೇ ಮತ್ತೆ ತಿದ್ದಿ ಎನ್ನುವುದಕ್ಕೆ ರೀವ್ಯಾಲ್ಯುಯೇಶನ್. ಎರಡಕ್ಕೂ ಪತ್ರ ಬರೆಯುವುದಲ್ಲ, ಕೊಟ್ಟ ದಿನಗಳ ಒಳಗೆ ಅರ್ಜಿ ಹಾಕುವುದು. ಮೊದಲು ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಂಡು ವಿಷಯದ ಮೇಷ್ಟ್ರಿಗೆ ತೋರಿಸಿ.

ಪ್ರಶ್ನೆ: ರಿವ್ಯೂ, ರಿವೈಸ್, ರಿವರ್ಸ್, ಅಪೀಲ್, ರೀಕನ್ಸಿಡರ್. ಕನ್ನಡ ಪತ್ರಿಕೆಗಳಲ್ಲಿ ಹೆಚ್ಚಿನದಕ್ಕೆ ‘ಮರುಪರಿಶೀಲನೆ’ ಎಂದೇ ಓದುತ್ತೇನೆ. ವ್ಯತ್ಯಾಸ ಹೇಗೆ ನೆನಪಿಡುವುದು?
— ಕೆಎಎಸ್‌ಗೆ ಓದುತ್ತಿರುವವನು, ಚಿತ್ರದುರ್ಗ

ಉತ್ತರ: ಹರಪನಹಳ್ಳಿಯನ್ನು ನೆನಪಿಟ್ಟುಕೊಳ್ಳಿ. 1997ರ ಆಗಸ್ಟ್ 15ರ ತನಕ ನಮ್ಮ ದಾವಣಗೆರೆ ನಿಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಜಿಲ್ಲಾಧಿಕಾರಿಗೆ ಬರೆಯುವ ಅರ್ಜಿಗೆಲ್ಲ ನಾನು ‘ಚಿತ್ರದುರ್ಗ’ ಎಂದೇ ವಿಳಾಸ ಹೊಡೆಯುತ್ತಿದ್ದೆ. ಹೊಸ ಜಿಲ್ಲೆ ಆದಾಗ ಬಳ್ಳಾರಿಯ ಹರಪನಹಳ್ಳಿ ತಾಲ್ಲೂಕನ್ನು ದಾವಣಗೆರೆಗೆ ಸೇರಿಸಿದರು. ಆಮೇಲೆ ಸಂವಿಧಾನದ 371ಜೆ ವಿಧಿ ಬಂತು. ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ವಿಶೇಷ ಸೌಲಭ್ಯ. ಬಳ್ಳಾರಿಗೆ ಸಿಕ್ಕಿತು, ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ಇಲ್ಲ. ಜನ ಕೇಳಿದರು, ಹೋರಾಟ ಮಾಡಿದರು. ಸರ್ಕಾರ ಮತ್ತೆ ಯೋಚಿಸಿತು ನೋಡಿ, ಅದು ರೀಕನ್ಸಿಡರ್. 2018ರಲ್ಲಿ ತಾಲ್ಲೂಕನ್ನು ವಾಪಸ್ ಬಳ್ಳಾರಿಗೆ ಸೇರಿಸಿತು. ಅದು ರಿವರ್ಸ್. ಈಗ ಅದು 2021ರಲ್ಲಿ ಆದ ವಿಜಯನಗರ ಜಿಲ್ಲೆಯಲ್ಲಿದೆ. ಯೋಚಿಸುವುದು ಬೇರೆ, ತಿರುಗಿಸುವುದು ಬೇರೆ.

ರಿವೈಸ್ ಅಂದರೆ ಅಲ್ಲಲ್ಲಿ ತಿದ್ದಿ ಬದಲಾಯಿಸುವುದು. ರಿವೈಸ್ಡ್ ಪೇ ಸ್ಕೇಲ್, ರಿವೈಸ್ಡ್ ಟೈಮ್ ಟೇಬಲ್. ಅಪೀಲ್‌ನಲ್ಲಿ ವಿಷಯ ಮೇಲಿನವರ ಹತ್ತಿರ ಹೋಗುತ್ತದೆ. ಅದಕ್ಕೇ ಮೇಲ್ಮನವಿ ಎಂಬ ಒಳ್ಳೆಯ ಹೆಸರು. ರೀಕನ್ಸಿಡರ್‌ನಲ್ಲಿ ಮೇಲೆ ಹೋಗುವುದಿಲ್ಲ. ತೀರ್ಮಾನ ಮಾಡಿದವರ ಮುಂದೆಯೇ ಮತ್ತೆ ನಿಲ್ಲುವುದು.

ರಿವ್ಯೂ ಹೊರಗಡೆ ಸಡಿಲವಾದ ಪದ. ಸಿನಿಮಾಕ್ಕೂ ಇದೆ, ಹೋಟೆಲಿಗೂ ಇದೆ. ಕೋರ್ಟಿನ ಒಳಗೆ ಹೋದ ಕೂಡಲೇ ಬಿಗಿಯಾಗುತ್ತದೆ. ಸುಪ್ರೀಂ ಕೋರ್ಟ್ ತನ್ನದೇ ತೀರ್ಪನ್ನು ರಿವ್ಯೂ ಮಾಡುವ ಅಧಿಕಾರ ಸಂವಿಧಾನದ 137ನೇ ವಿಧಿಯಲ್ಲಿದೆ. ಕೆಳಗಿನ ಕೋರ್ಟುಗಳ ಸಿವಿಲ್ ಕೇಸುಗಳಿಗೆ ಸಿಪಿಸಿ, ಅಂದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 114ನೇ ಸೆಕ್ಷನ್, 47ನೇ ಆರ್ಡರ್. ಅಲ್ಲಿ ಕಾರಣಗಳನ್ನೂ ಹೇಳಿದ್ದಾರೆ. ಎಷ್ಟು ಹುಡುಕಿದರೂ ಆಗ ಸಿಗದೇ ಇದ್ದ ಮುಖ್ಯವಾದ ಸಾಕ್ಷಿ ಈಗ ಸಿಕ್ಕಿರಬೇಕು, ಇಲ್ಲವೇ ದಾಖಲೆಯ ಮೇಲೆ ಎದ್ದು ಕಾಣುವ ತಪ್ಪು ಇರಬೇಕು, ಅಥವಾ ಅಂಥದ್ದೇ ಬಲವಾದ ಬೇರೆ ಕಾರಣ ಇರಬೇಕು. ಮಂಡಿಪೇಟೆಯವರ ಜೇಬಿನ ಕಾಗದದ ಕಾನೂನು ರೂಪ ಇದು ಅನ್ನಿ. ತೀರ್ಪು ಹಿಡಿಸಲಿಲ್ಲ ಎನ್ನುವುದೊಂದೇ ಸಾಲದು.

ನಿಮ್ಮ ಪರೀಕ್ಷೆಗೆ ಬೇಕಾದ್ದು ಇಲ್ಲಿದೆ. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯದಲ್ಲಿ ರೀಕನ್ಸಿಡರ್ ಎಂಬ ಪದವೇ ಬರುತ್ತದೆ. 111ನೇ ವಿಧಿಯಲ್ಲಿ ರಾಷ್ಟ್ರಪತಿ ಮಸೂದೆಯನ್ನು ರೀಕನ್ಸಿಡರ್ ಮಾಡಿ ಎಂದು ಸಂಸತ್ತಿಗೆ ವಾಪಸ್ ಕಳಿಸಬಹುದು. ಧನ ವಿಧೇಯಕಕ್ಕೆ, ಅಂದರೆ ಮನಿ ಬಿಲ್‌ಗೆ, ಮಾತ್ರ ಇದಿಲ್ಲ. 200ನೇ ವಿಧಿಯಲ್ಲಿ ರಾಜ್ಯಪಾಲರಿಗೆ ಇಂಥದ್ದೇ ಅಧಿಕಾರ. 74ನೇ ವಿಧಿಗೆ 1978ರ 44ನೇ ತಿದ್ದುಪಡಿ ಒಂದು ಸಾಲು ಸೇರಿಸಿತು. ಮಂತ್ರಿಮಂಡಲದ ಸಲಹೆಯನ್ನು ರೀಕನ್ಸಿಡರ್ ಮಾಡಿ ಎಂದು ರಾಷ್ಟ್ರಪತಿ ಹೇಳಬಹುದು. ಮತ್ತೆ ಯೋಚಿಸಿ ಕೊಟ್ಟ ಸಲಹೆಯಂತೆ ಮಾತ್ರ ನಡೆಯಲೇಬೇಕು. ಆ ಸಲಹೆ ಮೊದಲಿನದೇ ಆಗಿದ್ದರೂ ಅಷ್ಟೇ.

ಎರಡು ಉದಾಹರಣೆ ಪಕ್ಕಪಕ್ಕ ಇಡಿ. ನಮ್ಮ ಜಿಲ್ಲೆ ಆದ ವರ್ಷವೇ, 1997ರ ಅಕ್ಟೋಬರ್‌ನಲ್ಲಿ, ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂಬ ಕೇಂದ್ರ ಸಂಪುಟದ ಶಿಫಾರಸನ್ನು ಕೆ.ಆರ್. ನಾರಾಯಣನ್ ವಾಪಸ್ ಕಳಿಸಿದರು. ಸಂಪುಟ ಅದನ್ನು ಕೈಬಿಟ್ಟಿತು. 2006ರಲ್ಲಿ ಲಾಭದಾಯಕ ಹುದ್ದೆಗೆ ಸಂಬಂಧಿಸಿದ ಮಸೂದೆಯನ್ನು ಎ.ಪಿ.ಜೆ. ಅಬ್ದುಲ್ ಕಲಾಂ ವಾಪಸ್ ಕಳಿಸಿದರು. ಸಂಸತ್ತು ಅದನ್ನೇ ಮತ್ತೆ ಪಾಸು ಮಾಡಿತು, ಕಲಾಂ ಸಹಿ ಹಾಕಿದರು. ಎರಡು ಕಡೆಯೂ ಕೇಳಿದ್ದು ಮತ್ತೊಮ್ಮೆ ಯೋಚಿಸಿ ಎಂದು. ಒಂದು ಕಡೆ ತೀರ್ಮಾನ ಬದಲಾಯಿತು, ಇನ್ನೊಂದು ಕಡೆ ಹಾಗೇ ನಿಂತಿತು.

ಪ್ರಶ್ನೆ: ‘ರೀಕನ್ಸೈಡರ್’ ಎಂದು ನಮ್ಮ ಕಾಲದಲ್ಲಿ ಕೆಲವರು ಹೇಳುತ್ತಿದ್ದರು. ಈಗಿನ ಮಕ್ಕಳು ತಿದ್ದುತ್ತಾರೆ. ಸ್ಪೆಲಿಂಗ್‌ನಲ್ಲಿ ‘ಆರ್’ ಒಂದೋ ಎರಡೋ ಎಂಬ ಗೊಂದಲವೂ ಇದೆ.
— ನಿವೃತ್ತ ಶಿಕ್ಷಕರು, ಹೊಸದುರ್ಗ

ಉತ್ತರ: ಮೇಷ್ಟ್ರೇ, ಈ ಸಲ ಮಕ್ಕಳದೇ ಸರಿ. ರೀ-ಕನ್-ಸಿ-ಡರ್. ಒತ್ತು ‘ಸಿ’ ಮೇಲೆ. ಸೈಡರ್ ಎಂದರೆ ಸೇಬಿನ ರಸದಿಂದ ಮಾಡುವ ಪಾನೀಯ. ನಾಮಪದ ರೀಕನ್ಸಿಡರೇಶನ್, ಅದರಲ್ಲಿ ಒತ್ತು ‘ರೇ’ಗೆ ಸರಿಯುತ್ತದೆ.

ಸ್ಪೆಲಿಂಗ್‌ನ ಗೊಂದಲ ಈ ಒತ್ತಿನಿಂದಲೇ ಬಿಡಿಸಿಕೊಳ್ಳುತ್ತದೆ. ರಿಫರ್, ಪ್ರಿಫರ್, ಅಕರ್ ಇವುಗಳಲ್ಲಿ ಒತ್ತು ಕೊನೆಗೆ ಬೀಳುತ್ತದೆ. ಅದಕ್ಕೇ ‘ಇಡಿ’ ಸೇರಿಸುವಾಗ ‘ಆರ್’ ಎರಡಾಗುತ್ತದೆ. ಕನ್ಸಿಡರ್, ಆಫರ್ ಇವುಗಳಲ್ಲಿ ಒತ್ತು ಕೊನೆಗಿಲ್ಲ, ‘ಆರ್’ ಒಂದೇ. ಇನ್‌ಸ್ಟಿಟ್ಯೂಟಿನಲ್ಲಿ ಹುಡುಗಿಯರಿಗೆ ಇದನ್ನು ಬಾಯಲ್ಲಿ ಜೋರಾಗಿ ಹೇಳಿಸಿ ಆಮೇಲೆ ಕೀಲಿ ಒತ್ತಿಸುತ್ತಿದ್ದೆ. ಬೆರಳು ಮರೆತರೂ ಕಿವಿ ನೆನಪಿಟ್ಟುಕೊಳ್ಳುತ್ತದೆ.

ಇನ್ನು ‘ರೀ’ ಆದ ಮೇಲೆ ಅಡ್ಡಗೆರೆ ಬೇಡ. ಬೇರೆ ಕೆಲವು ಪದಗಳಿಗೆ ಬೇಕೇ ಬೇಕು. ರಿಸೈನ್ ಅಂದರೆ ರಾಜೀನಾಮೆ ಕೊಡುವುದು. ನಡುವೆ ಗೆರೆ ಹಾಕಿ ರೀ-ಸೈನ್ ಎಂದರೆ ಮತ್ತೆ ಸಹಿ ಹಾಕುವುದು. ಕಾಂಟ್ರ್ಯಾಕ್ಟ್ ಮುಂದುವರಿಸುವವರು ಆ ಗೆರೆ ಬಿಟ್ಟರೆ ಕಷ್ಟ ಇದೆ.

ಪ್ರಶ್ನೆ: ಕನ್ಸಿಡರ್ ಎಂಬ ಪದ ನಕ್ಷತ್ರದಿಂದ ಬಂತು ಎಂದು ಓದಿದೆ. ನಿಜವೇ ಮೇಡಂ?
— ಹೈಸ್ಕೂಲು ವಿದ್ಯಾರ್ಥಿನಿ, ಹೊಳಲ್ಕೆರೆ

ಉತ್ತರ: ಮೂಲ ಲ್ಯಾಟಿನ್ ಭಾಷೆಯ ಕೊನ್ಸಿಡೆರಾರೆ. ಅಲ್ಲಿಂದ ಫ್ರೆಂಚ್, ಫ್ರೆಂಚಿನಿಂದ 14ನೇ ಶತಮಾನದಲ್ಲಿ ಇಂಗ್ಲಿಷ್. ಲ್ಯಾಟಿನ್ ಪದದ ಒಳಗೆ ‘ಸಿದುಸ್’, ಅಂದರೆ ನಕ್ಷತ್ರ, ಇದೆ ಎಂದು ಬಹಳ ಡಿಕ್ಷನರಿಗಳು ಹೇಳುತ್ತವೆ. ನಕ್ಷತ್ರಗಳನ್ನು ಗಮನವಿಟ್ಟು ನೋಡುವುದು ಎಂಬುದು ಮೊದಲ ಅರ್ಥ ಇರಬಹುದು ಎಂಬುದು ಅವರ ಊಹೆ. ಡಿಸೈರ್ ಎಂಬ ಪದಕ್ಕೂ ಅದೇ ಮೂಲ ಹೇಳುತ್ತಾರೆ. ಆದರೆ ಎಲ್ಲ ಪಂಡಿತರೂ ಒಪ್ಪಿಲ್ಲ, ಹಾಗಾಗಿ ಪರೀಕ್ಷೆಯಲ್ಲಿ ‘ಎಂದು ಹೇಳುತ್ತಾರೆ’ ಎಂದು ಸೇರಿಸಿ ಬರೆ. ರೀಕನ್ಸಿಡರ್ ಬಂದದ್ದು ಆಮೇಲೆ, 16ನೇ ಶತಮಾನದಲ್ಲಿ. ಜಾತಕ ನೋಡಿ ತೀರ್ಮಾನ ಮಾಡುವವರಿಗೆ ಈ ಕಥೆ ಖುಷಿ ಕೊಡಬಹುದು.

ಪ್ರಶ್ನೆ: ಮಗ ಆಸ್ಟ್ರೇಲಿಯಾದಲ್ಲಿದ್ದಾನೆ. ಊರಲ್ಲಿ ಮನೆ ಕಟ್ಟುವ ಮಾತು ನಡೆದಿತ್ತು. ಮೊದಲು ‘ಥಿಂಕ್ ಟ್ವೈಸ್’ ಅಂತಿದ್ದ. ಅಡ್ವಾನ್ಸ್ ಕೊಟ್ಟಾದ ಮೇಲೆ ‘ಐ ಆಮ್ ಹ್ಯಾವಿಂಗ್ ಸೆಕೆಂಡ್ ಥಾಟ್ಸ್’ ಅಂತಾನೆ. ಎರಡೂ ಒಂದೇನಾ?
— ಅಡಿಕೆ ಬೆಳೆಗಾರರು, ಚನ್ನಗಿರಿ

ಉತ್ತರ: ಒಂದೇ ಅಲ್ಲ ಸ್ವಾಮಿ, ಮಗ ಸರಿಯಾಗಿಯೇ ಬಳಸಿದ್ದಾನೆ. ಥಿಂಕ್ ಟ್ವೈಸ್ ಅನ್ನುವುದು ಕೆಲಸಕ್ಕೆ ಕೈ ಹಾಕುವ ಮೊದಲು. ದುಡುಕಬೇಡಿ ಎಂದು ಎಚ್ಚರಿಸುವ ಮಾತು. ಸೆಕೆಂಡ್ ಥಾಟ್ಸ್ ಹುಟ್ಟುವುದು ತೀರ್ಮಾನ ಆದ ಮೇಲೆ. ಸರಿ ಮಾಡಿದೆವಾ, ಇಲ್ಲವಾ ಎಂಬ ಹುಳ ತಲೆಗೆ ಹೊಕ್ಕಿದೆ ಎಂದು ಅರ್ಥ. ಇದು ತಾನಾಗಿ ಬರುವ ಅನುಮಾನ. ರೀಕನ್ಸಿಡರ್ ನಾವಾಗಿ ಕೂತು ಮಾಡುವ ಕೆಲಸ. ಅನುಮಾನ ಮೊದಲು, ಮರುಯೋಚನೆ ಆಮೇಲೆ. ಮಗ ಇನ್ನೂ ಅನುಮಾನದಲ್ಲಿದ್ದಾನೆ.

‘ಆನ್ ಸೆಕೆಂಡ್ ಥಾಟ್’ ಎಂಬುದು ಇನ್ನೂ ಹಗುರ. ಹೋಟೆಲಿನಲ್ಲಿ ಕೂತು ಬೆಣ್ಣೆ ದೋಸೆ ಹೇಳಿರುತ್ತೀರಿ. ಮಾಣಿ ತಿರುಗುವಷ್ಟರಲ್ಲಿ ಡಾಕ್ಟರ ಮಾತು ನೆನಪಾಗಿ ‘ಆನ್ ಸೆಕೆಂಡ್ ಥಾಟ್, ಖಾಲಿ ದೋಸೆನೇ ಕೊಡಪ್ಪ’ ಅನ್ನುತ್ತೀರಿ. ಅಲ್ಲಿ ಹೋಗಿ ‘ಐ ಹ್ಯಾವ್ ರೀಕನ್ಸಿಡರ್ಡ್’ ಅಂದರೆ ಪಕ್ಕದ ಟೇಬಲಿನವರು ತಿರುಗಿ ನೋಡುತ್ತಾರೆ. ಅಷ್ಟು ಭಾರದ ಪದ ದೋಸೆಗೆ ಬೇಡ. ಅಮೆರಿಕದವರು ಇಲ್ಲಿ ಹೆಚ್ಚಾಗಿ ‘ಥಾಟ್’ ಎಂದರೆ ಬ್ರಿಟಿಷರು ‘ಥಾಟ್ಸ್’ ಅನ್ನುತ್ತ ಬಂದಿದ್ದಾರೆ, ಯಾವುದನ್ನು ಬಳಸಿದರೂ ನಡೆಯುತ್ತದೆ.

ರೀಥಿಂಕ್ ಎಂಬುದೂ ಒಂದಿದೆ. ಬುಡದಿಂದಲೇ ಬೇರೆ ರೀತಿ ಯೋಚಿಸುವುದು. ಮನೆ ಬೇಕೋ ಬೇಡವೋ ಎಂಬುದು ರೀಕನ್ಸಿಡರ್. ಚನ್ನಗಿರಿಯಲ್ಲಿ ಯಾಕೆ, ನೀವೇ ಆಸ್ಟ್ರೇಲಿಯಾಕ್ಕೆ ಬಂದುಬಿಡಿ ಎಂದು ಅವನು ಹೊರಟರೆ ಅದು ರೀಥಿಂಕ್. ಅಡ್ವಾನ್ಸ್ ವಾಪಸ್ ಬರುತ್ತದಾ ಎಂದು ಮಾತ್ರ ಮೇಸ್ತ್ರಿಯನ್ನು ಈಗಲೇ ಕೇಳಿ.

ಪ್ರಶ್ನೆ: ನಮ್ಮ ಬಡಾವಣೆಯ ಸಂಘದಲ್ಲಿ ತಿಂಗಳ ವಂತಿಗೆ ಏರಿಸುವ ಠರಾವು ಬಹುಮತದಿಂದ ಪಾಸಾಯಿತು. ನಾನು ವಿರೋಧ ಮತ ಹಾಕಿದ್ದೆ. ಮುಂದಿನ ಸಭೆಯಲ್ಲಿ ರೀಕನ್ಸಿಡರ್ ಮಾಡಿ ಎಂದೆ. ‘ಸೋತವರು ಮೋಷನ್ ಟು ರೀಕನ್ಸಿಡರ್ ತರುವ ಹಾಗಿಲ್ಲ, ಅದು ರೂಲ್’ ಎಂದರು ಅಧ್ಯಕ್ಷರು. ಇದೆಂಥ ರೂಲ್?
— ಓದುಗರು, ದಾವಣಗೆರೆ

ಉತ್ತರ: ಅಂಥ ರೂಲ್ ಇದೆ, ಅದು ನಿಮ್ಮ ಬಡಾವಣೆಯದಲ್ಲ. ಅಮೆರಿಕದ ಸೈನ್ಯದಲ್ಲಿ ಇಂಜಿನಿಯರ್ ಆಗಿದ್ದ ಹೆನ್ರಿ ಮಾರ್ಟಿನ್ ರಾಬರ್ಟ್ ಎಂಬುವರು 1876ರಲ್ಲಿ ಸಭೆ ನಡೆಸುವ ನಿಯಮಗಳ ಕೈಪಿಡಿ ಬರೆದರು. ‘ರಾಬರ್ಟ್ಸ್ ರೂಲ್ಸ್’ ಎಂದು ಅದು ಇವತ್ತಿಗೂ ಅಲ್ಲಿನ ಸಂಘ ಸಂಸ್ಥೆಗಳಲ್ಲಿ ಚಾಲ್ತಿಯಲ್ಲಿದೆ. ಅದರ ಪ್ರಕಾರ ಮೋಷನ್ ಟು ರೀಕನ್ಸಿಡರ್ ತರಬೇಕಾದವರು ಗೆದ್ದ ಕಡೆ ಮತ ಹಾಕಿದವರೇ.

ಮೊದಲ ಸಲ ಓದಿದಾಗ ಇದು ಅನ್ಯಾಯ ಅನಿಸಿತ್ತು. ಯೋಚಿಸಿದರೆ ಹಿಂದೆ ಲೆಕ್ಕಾಚಾರ ಇದೆ. ಸೋತವರಿಗೆ ಬಿಟ್ಟರೆ ಪ್ರತಿ ಸಭೆಯಲ್ಲೂ ಅದೇ ಹಾಡು. ಹೌದು ಎಂದವರಲ್ಲಿ ಒಬ್ಬರಿಗಾದರೂ ಅನುಮಾನ ಬಂದಿದ್ದರೆ ಮಾತ್ರ ಮತ್ತೆ ಕೂರುವುದಕ್ಕೆ ಅರ್ಥ ಇದೆ ಎಂದು ಅವರ ವಾದ. ಅದಕ್ಕೆ ಸಮಯದ ಮಿತಿಯೂ ಇದೆ. ತಿಂಗಳು ಬಿಟ್ಟು ನಡೆಯುವ ಸಭೆಗೆ ಅದು ಹೊಂದುವುದೇ ಇಲ್ಲ.

ನಿಮ್ಮ ಸಂಘ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಕೆಳಗೆ ನೋಂದಣಿ ಆಗಿದ್ದರೆ ನಿಮಗೊಂದು ಬೈಲಾ ಇರುತ್ತದೆ. ಅದರಲ್ಲಿ ಏನಿದೆಯೋ ಅದು ನಿಮ್ಮ ರೂಲು. ಪ್ರತಿ ಕೇಳಿ ತೆಗೆದುಕೊಳ್ಳಿ. ಜತೆಗೆ ವಂತಿಗೆ ಏರಿಸಿ ಎಂದು ಕೈ ಎತ್ತಿದವರಲ್ಲಿ ಯಾರಿಗೆ ಈಗ ಕೈ ಕಚ್ಚುತ್ತಿದೆ ಎಂದೂ ವಿಚಾರಿಸಿ. ಅಂಥವರೊಬ್ಬರು ನಿಮ್ಮ ಪಕ್ಕ ನಿಂತರೆ ಅಧ್ಯಕ್ಷರ ಅಮೆರಿಕದ ರೂಲಿಗೂ ಉತ್ತರ ಸಿಕ್ಕಿತು.

ಪ್ರಶ್ನೆ: ಬೆಂಗಳೂರಿನ ಕಂಪನಿಗೆ ರಾಜೀನಾಮೆ ಕೊಟ್ಟಿದ್ದೇನೆ. ಮ್ಯಾನೇಜರ್ ‘ಪ್ಲೀಸ್ ರೀಕನ್ಸಿಡರ್’ ಎಂದು ಮೇಲ್ ಹಾಕಿದ್ದಾರೆ. ಒಳ್ಳೆಯ ಮನುಷ್ಯ. ಆದರೆ ಊರಿಗೆ ಬರುವುದು ಖಚಿತ. ಬೇಜಾರಾಗದ ಹಾಗೆ ಹೇಗೆ ಬರೆಯಲಿ?
— ಹರಿಹರದ ಓದುಗ

ಉತ್ತರ: ಅವರು ಯೋಚಿಸಿ ಎಂದಿದ್ದಾರೆ. ನೀವು ಯೋಚಿಸಿದ್ದೇನೆ ಎಂದು ಬರೆಯಿರಿ, ಅದು ಸುಳ್ಳಲ್ಲವಲ್ಲ. ‘ಥ್ಯಾಂಕ್ ಯು ಫಾರ್ ಆಸ್ಕಿಂಗ್ ಮಿ ಟು ರೀಕನ್ಸಿಡರ್. ಐ ಹ್ಯಾವ್ ಥಾಟ್ ಇಟ್ ಓವರ್, ಅಂಡ್ ಮೈ ಡಿಸಿಷನ್ ಸ್ಟ್ಯಾಂಡ್ಸ್.’ ಬರೀ ‘ಐ ಹ್ಯಾವ್ ರೀಕನ್ಸಿಡರ್ಡ್’ ಎಂದು ಬರೆದು ನಿಲ್ಲಿಸಬೇಡಿ. ಮೇಲೆ ಜಗಳೂರಿನವರಿಗೆ ಹೇಳಿದ ಹಾಗೆ, ಮನಸ್ಸು ಬದಲಾಯಿಸಿದ್ದೀರಿ ಎಂದುಕೊಂಡು ಅವರು ಸೋಮವಾರ ಹೊಸ ಕೆಲಸ ಹಂಚಿಬಿಡುತ್ತಾರೆ. ಕಾರಣ ಉದ್ದುದ್ದ ಬೇಡ. ‘ಫ್ಯಾಮಿಲಿ ರೀಸನ್ಸ್’ ಸಾಕು. ಕೊನೆಯ ಕೆಲಸದ ದಿನದ ತಾರೀಖನ್ನು ಅದೇ ಮೇಲ್‌ನಲ್ಲಿ ಹಾಕಿ, ಎಚ್.ಆರ್.ಗೂ ಒಂದು ಕಾಪಿ ಕಳಿಸಿ. ರಿಲೀವಿಂಗ್ ಲೆಟರ್ ಕೈಗೆ ಬರುವ ತನಕ ಬೆಂಗಳೂರಿನ ರೂಮು ಖಾಲಿ ಮಾಡಬೇಡಿ.